ಕೇಳಿದ್ದು ಯಾರನ್ನು, ಉತ್ತರಿಸಿದ್ದು ಯಾರು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಹಿಂದುಮುಂದಿನ ತಿಂಗಳುಗಳೆಲ್ಲ ಕಾಲೇಜು ಲ್ಯಾಬುಗಳಲ್ಲಿ, ಬ್ಯಾಂಕುಗಳಲ್ಲಿ, ಬೆಂಗಳೂರಿನ ಕಂಪನಿಗಳ ಐಟಿ ಸಪೋರ್ಟ್ ಕೋಣೆಗಳಲ್ಲಿ ಓಎಸ್ ಹಾಕುವ ಸುಗ್ಗಿ. ಒಂದು ಮಷೀನಿಗೆ ಪೆನ್‌ಡ್ರೈವ್ ಸಿಕ್ಕಿಸಿ ವಿಂಡೋಸ್ 11 ಹಾಕುವುದು ಈಗ ಮನೆಮನೆಯ ವಿದ್ಯೆ. ಆದರೆ ಅರವತ್ತು ಮಷೀನಿನ ಲ್ಯಾಬಿಗೆ, ಅಥವಾ ಸೋಮವಾರ ಕೆಲಸಕ್ಕೆ ಸೇರುವ ನೂರು ಹುಡುಗರ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುವುದು ಆಗುವ ಮಾತಲ್ಲ. ಅಲ್ಲಿಗೆ ಬೇಕಾದದ್ದು ನೆಟ್‌ವರ್ಕ್ ಬೂಟ್, ಕಸುಬಿನವರ ಮಾತಿನಲ್ಲಿ ಪಿಎಕ್ಸ್‌ಇ. ಮಷೀನು ಆನ್ ಮಾಡಿ ಎಫ್12 ಒತ್ತಿದರೆ, ಅದು ತನ್ನ ಡಿಸ್ಕನ್ನು ಮುಟ್ಟದೆ ಲ್ಯಾನ್ ಕೇಬಲಿನಲ್ಲೇ ಸರ್ವರನ್ನು ಹುಡುಕಿ, ಅಲ್ಲಿಂದ ಒಂದು ಪುಟ್ಟ ಓಎಸ್ ಇಳಿಸಿಕೊಂಡು, ಅದರ ಮೇಲೆ ನಿಂತು ಪೂರ್ತಿ ವಿಂಡೋಸನ್ನೋ ಲಿನಕ್ಸನ್ನೋ ಹಾಕಿಕೊಳ್ಳುತ್ತದೆ. ಹಾಕಿಕೊಳ್ಳಬೇಕು.

ಹಾಕಿಕೊಳ್ಳದ ದಿನ ಕಪ್ಪು ಪರದೆಯ ಮೇಲೆ ‘ಪಿಎಕ್ಸ್‌ಇ-ಇ53: ನೋ ಬೂಟ್ ಫೈಲ್‌ನೇಮ್ ರಿಸೀವ್ಡ್’ ಎಂಬಂಥ ಒಂದು ಸಾಲು ಬಂದು, ಓದಿ ಮುಗಿಸುವಷ್ಟರಲ್ಲಿ ಮಾಯವಾಗುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ಓದುವುದೇ ಈ ಕಸುಬಿನವರ ರೂಢಿ. ಆ ಸಾಲಿಗೆ ಪರಿಹಾರ ಹುಡುಕಿದರೆ ವರ್ಷಗಳಿಂದ ಸಿಗುತ್ತಿರುವ ಸಲಹೆಯೂ ಒಂದೇ: ಮಷೀನುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಲ್ಲಿ ಆಪ್ಷನ್ 66, ಆಪ್ಷನ್ 67 ತುಂಬಿಬಿಡಿ. ಈ ಸಲಹೆಯನ್ನು ತಳ್ಳಿಹಾಕುವುದು ಕಷ್ಟ, ಯಾಕೆಂದರೆ ತುಂಬಿದ ದಿನ ಅದು ಕೆಲಸ ಮಾಡುತ್ತದೆ. ಕಾಟ ಶುರುವಾಗುವುದು ಆಮೇಲೆ. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳದ ಸರ್ವರಿನ ಬಾಯಲ್ಲಿ ಉತ್ತರ ತುರುಕುವುದೇ ನೆಟ್‌ವರ್ಕ್ ಬೂಟಿನ ಬಹುಪಾಲು ರಗಳೆಗಳ ಬುಡ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಅದು ಹೇಗೆ ಎಂದು ತಿಳಿಯಲು ಮಷೀನು ಏನು ಕೂಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಮೊದಲ ಕೂಗು

ಸ್ವಿಚ್ಚಿನ ಒಂದು ಪೋರ್ಟನ್ನು ಮಿರರ್ ಮಾಡಿ ವೈರ್‌ಶಾರ್ಕ್ ಓಡಿಸಿದರೆ ಮೊದಲು ಸಿಗುವುದು ಡಿಸ್ಕವರ್ ಪ್ಯಾಕೆಟ್. ಕಳಿಸಿದವರ ವಿಳಾಸ 0.0.0.0, ಪೋರ್ಟ್ 68. ಕಳಿಸಿದ್ದು 255.255.255.255ಕ್ಕೆ, ಪೋರ್ಟ್ 67ಕ್ಕೆ. ಅಂದರೆ ನನಗೆ ಹೆಸರಿಲ್ಲ, ನಿಮ್ಮ ಹೆಸರೂ ಗೊತ್ತಿಲ್ಲ, ಯಾರಿದ್ದರೂ ಓಗೊಡಿ ಎಂಬ ಕೂಗು. ಮೊದಲ 236 ಬೈಟು ಅಳತೆ ಗೊತ್ತಿರುವ ಮನೆಗಳು: ಮ್ಯಾಕ್ ವಿಳಾಸಕ್ಕೆ 16 ಬೈಟು, ಸರ್ವರ್ ಹೆಸರಿಗೆ 64, ಬೂಟ್ ಫೈಲಿನ ಹೆಸರಿಗೆ 128, ಹೀಗೆ. ಅದಾದ ಮೇಲೆ 99.130.83.99 ಎಂಬ ನಾಲ್ಕು ಬೈಟಿನ ಗುರುತು. ಅದರಾಚೆಗೆ ಆಪ್ಷನ್‌ಗಳ ಸಾಲು.

ನಮ್ಮ ಕಥೆಗೆ ಬೇಕಾದ ಆಪ್ಷನ್‌ಗಳು ಮೂರು. ಆಪ್ಷನ್ 60ರಲ್ಲಿ ‘ಪಿಎಕ್ಸ್‌ಇಕ್ಲೈಂಟ್:ಆರ್ಕ್:00007:ಯುಎನ್‌ಡಿಐ:003016’ ಎಂಬಂಥ ಒಂದು ಉದ್ದ ಹೆಸರು. ನಾನು ಬರಿ ಐಪಿ ಕೇಳಲು ಬಂದ ಮಾಮೂಲಿ ಮಷೀನಲ್ಲ, ಬೂಟ್ ಆಗಲು ಬಂದಿದ್ದೇನೆ ಎಂಬುದು ಅದರ ಅರ್ಥ. ಆಪ್ಷನ್ 93ರಲ್ಲಿ ಒಂದು ಅಂಕಿ: ಹಳೆಯ ಬಯಾಸ್ ಮಷೀನಾದರೆ 0, 64 ಬಿಟ್ ಯುಇಎಫ್‌ಐ ಆದರೆ 7, ಆರ್ಮ್ 64 ಆದರೆ 11. ಆಪ್ಷನ್ 97ರಲ್ಲಿ ಮದರ್‌ಬೋರ್ಡಿನ ಯುಯುಐಡಿ. ತನ್ನ ಜಾತಕವನ್ನೆಲ್ಲ ಮಷೀನು ಮೊದಲ ಪ್ಯಾಕೆಟಿನಲ್ಲೇ ಒಪ್ಪಿಸಿರುತ್ತದೆ.

ಈ ಕೂಗಿಗೆ ಎರಡು ಬಗೆಯ ಉತ್ತರ ಬರಬೇಕು. ಡಿಎಚ್‌ಸಿಪಿ ಸರ್ವರಿನಿಂದ ಐಪಿ ವಿಳಾಸ. ಪಿಎಕ್ಸ್‌ಇ ಸರ್ವರಿನಿಂದ ಬೂಟಿನ ಮಾಹಿತಿ. ಎರಡನೆಯದಕ್ಕೆ ಪ್ರಾಕ್ಸಿ ಡಿಎಚ್‌ಸಿಪಿ ಎಂದು ಹೆಸರು. ಅದರ ಆಫರಿನಲ್ಲಿ ಐಪಿಯ ಜಾಗ ಖಾಲಿ, 0.0.0.0, ತಾನೂ ಪಿಎಕ್ಸ್‌ಇ ಕಡೆಯವನು ಎಂಬ ಆಪ್ಷನ್ 60 ಮಾತ್ರ ಇರುತ್ತದೆ. ಮಷೀನು ಒಬ್ಬರಿಂದ ವಿಳಾಸ ಪಡೆದು, ಇನ್ನೊಬ್ಬರ ಹತ್ತಿರ ಪೋರ್ಟ್ 4011ಕ್ಕೆ ಹೋಗಿ ‘ನನಗೆ ಯಾವ ಫೈಲು?’ ಎಂದು ಕೇಳುತ್ತದೆ. ಹೆಸರು ಸಿಕ್ಕ ಮೇಲೆ ಟಿಎಫ್‌ಟಿಪಿ ಎಂಬ ಫೈಲ್ ಸಾಗಿಸುವ ಪ್ರೋಟೊಕಾಲಿನಲ್ಲಿ, ಪೋರ್ಟ್ 69ರಲ್ಲಿ, ಆ ಫೈಲು ಇಳಿಸಿಕೊಳ್ಳುತ್ತದೆ. ಇಷ್ಟೇ ಮಾತುಕತೆ. ಎಲ್ಲಿ ತಪ್ಪಿತು ಎಂದು ಹುಡುಕುವುದೆಂದರೆ ಈ ಮಾತುಕತೆ ಎಲ್ಲಿಗೆ ನಿಂತಿತು ಎಂದು ಹುಡುಕುವುದೇ.

66 ಮತ್ತು 67 ಎಲ್ಲಿಂದ ಬಂದವು?

ಆ 236 ಬೈಟಿನ ಅಚ್ಚು 1985ರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಗಿಲ್ಮೋರ್ ಆ ವರ್ಷ ಸೆಪ್ಟೆಂಬರಿನಲ್ಲಿ ಬೂಟ್‌ಪಿ ಎಂಬ ಪ್ರೋಟೊಕಾಲನ್ನು ಆರ್‌ಎಫ್‌ಸಿ 951 ಆಗಿ ಪ್ರಕಟಿಸಿದರು. ಇದೇ ಗಿಲ್ಮೋರ್ ಮುಂದೆ 1990ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದ ಮೂವರಲ್ಲಿ ಒಬ್ಬರು. ಡಿಸ್ಕ್ ದುಬಾರಿಯಾಗಿದ್ದ ಕಾಲ. ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್ನುಗಳು ಸರ್ವರಿನಿಂದ ಬೂಟ್ ಆಗಬೇಕಿತ್ತು. ಹಿಂದಿನ ವರ್ಷವಷ್ಟೇ ಬಂದಿದ್ದ ರಾರ್ಪ್ ಎಂಬ ಏರ್ಪಾಡು ಐಪಿ ವಿಳಾಸವನ್ನಷ್ಟೇ ಕೊಡುತ್ತಿತ್ತು, ಅದೂ ಒಂದೇ ತಂತಿಯ ಮೇಲಿದ್ದವರಿಗೆ. ಬೂಟ್‌ಪಿ ಒಂದೇ ಉತ್ತರದಲ್ಲಿ ವಿಳಾಸ, ಸರ್ವರು, ಫೈಲಿನ ಹೆಸರು ಮೂರನ್ನೂ ಕೊಟ್ಟಿತು. ಜೊತೆಗೆ ಪ್ಯಾಕೆಟಿನಲ್ಲಿ ಜಿಐಎಡಿಡಿಆರ್ ಎಂಬ ನಾಲ್ಕು ಬೈಟಿನ ಜಾಗ ಬಿಟ್ಟು, ನಡುವಿನ ಗೇಟ್‌ವೇ ಈ ಕೂಗನ್ನು ಬೇರೆ ನೆಟ್‌ವರ್ಕಿಗೆ ದಾಟಿಸಲು ದಾರಿ ಮಾಡಿತು. ಇಂದು ಲ್ಯಾನಿನೊಳಗಿನ ಪ್ರತ್ಯೇಕ ಪಾಲುಗಳಾದ ವಿಲ್ಯಾನ್‌ನಿಂದ ವಿಲ್ಯಾನ್‌ಗೆ ಡಿಎಚ್‌ಸಿಪಿ ದಾಟುವುದು ಅದೇ ನಾಲ್ಕು ಬೈಟಿನ ಮೇಲೆ.

ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ 1993ರಲ್ಲಿ ಡಿಎಚ್‌ಸಿಪಿಯ ಮೊದಲ ಆರ್‌ಎಫ್‌ಸಿ ಬರೆದಾಗ ಅಚ್ಚನ್ನು ಬದಲಿಸಲಿಲ್ಲ. ಬದಲಿಸಿದ್ದರೆ ಆಗಲೇ ಎಲ್ಲೆಡೆ ಇದ್ದ ಬೂಟ್‌ಪಿ ರಿಲೇಗಳೆಲ್ಲ ಕೆಲಸಕ್ಕೆ ಬಾರದೆ ಹೋಗುತ್ತಿದ್ದವು. ಆದರೆ ಆಪ್ಷನ್‌ಗಳು ಹೆಚ್ಚಿ ಜಾಗ ಸಾಲದಾದಾಗ, ಸರ್ವರ್ ಹೆಸರಿನ 64 ಬೈಟನ್ನೂ ಫೈಲ್ ಹೆಸರಿನ 128 ಬೈಟನ್ನೂ ಆಪ್ಷನ್ ತುಂಬಲು ಬಳಸಿಕೊಳ್ಳಬಹುದು ಎಂದಾಯಿತು. ಹಾಗೆ ಮನೆ ಕಳೆದುಕೊಂಡ ಎರಡು ಹೆಸರುಗಳಿಗೆ ಕೊಟ್ಟ ಬದಲಿ ಜಾಗವೇ ಆಪ್ಷನ್ 66 ಮತ್ತು 67. 1997ರ ಆರ್‌ಎಫ್‌ಸಿ 2132ರಲ್ಲಿ ಹಾಗೆಂದೇ ಬರೆದಿದೆ. ಬಗೆಬಗೆಯ ಮಷೀನುಗಳಿಗೆ ಬಗೆಬಗೆಯ ಓಎಸ್ ಹಂಚುವ ಭಾರವನ್ನು ಇವು ಹೊರಬೇಕು ಎಂದು ಆಗ ಯಾರೂ ಅಂದುಕೊಂಡಿರಲಿಲ್ಲ.

ಆ ಭಾರಕ್ಕೆಂದೇ ಬಂದದ್ದು ಇಂಟೆಲ್‌ನ ಪಿಎಕ್ಸ್‌ಇ. ಅದರ 2.1ನೇ ಆವೃತ್ತಿಯ ದಾಖಲೆ 1999ರ ಸೆಪ್ಟೆಂಬರಿನದು. ಪ್ರಾಕ್ಸಿ ಡಿಎಚ್‌ಸಿಪಿಯ ವಿಚಾರ ಅದರಲ್ಲೇ ಇದೆ: ನಡೆಯುತ್ತಿರುವ ಡಿಎಚ್‌ಸಿಪಿ ಸರ್ವರನ್ನು ಮುಟ್ಟದೆಯೇ ಪಕ್ಕದಲ್ಲಿ ಇನ್ನೊಂದು ಸರ್ವರ್ ನಿಲ್ಲಿಸಿ ಬೂಟಿನ ಉತ್ತರವನ್ನು ಅದರಿಂದ ಕೊಡಿಸಬಹುದು. ಅಂದರೆ ವಿಳಾಸ ಕೊಡುವವರು ಬೇರೆ, ಬೂಟ್ ಮಾಡಿಸುವವರು ಬೇರೆ ಎಂಬ ವಿಂಗಡಣೆ ಇಪ್ಪತ್ತೈದು ವರ್ಷದ ಹಿಂದೆಯೇ ಆಗಿತ್ತು. ನಾವು ಅದನ್ನು ಬಿಟ್ಟು ಬದಲಿ ಜಾಗದಲ್ಲೇ ಸಂಸಾರ ಹೂಡಿದೆವು.

ಆಪ್ಷನ್ 67ರಲ್ಲಿ ಒಂದು ಫೈಲಿನ ಹೆಸರು ಬರೆದಿಡುವುದೆಂದರೆ, ಮೆಜೆಸ್ಟಿಕ್ಕಿನ ವಿಚಾರಣೆ ಕಿಟಕಿಯಲ್ಲಿ ಕೂತವರು ಯಾವ ಊರಿಗೆ ಎಂದು ಕೇಳದೆಯೇ ಬಂದವರಿಗೆಲ್ಲ ಒಂದೇ ಪ್ಲಾಟ್‌ಫಾರ್ಮ್ ನಂಬರ್ ಹೇಳಿದ ಹಾಗೆ. ಎಲ್ಲರೂ ತುಮಕೂರಿಗೇ ಹೊರಟವರಾಗಿದ್ದಷ್ಟು ದಿನ ತೊಂದರೆ ಇಲ್ಲ.

ಹೊಸ ಇಪ್ಪತ್ತು ಮಷೀನು

ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್. ಇನ್‌ಸ್ಟ್ರಕ್ಟರ್ ಮೇಡಂ ಫೋನಿನಲ್ಲಿದ್ದಾರೆ, ಆ ಕಡೆ ಸರ್ವರ್ ಕೂರಿಸಿಕೊಟ್ಟ ಎಂಜಿನಿಯರ್.

“ಹಳೇ ನಲವತ್ತೂ ಬೂಟ್ ಆಗ್ತಿವೆ ಸಾರ್. ಹೊಸದಾಗಿ ಬಂದ ಇಪ್ಪತ್ತೇ ಆಗ್ತಿಲ್ಲ. ಕೇಬಲ್ ಬದಲಾಯಿಸಿದ್ದಾಯ್ತು, ಸ್ವಿಚ್ ಪೋರ್ಟ್ ಬದಲಾಯಿಸಿದ್ದಾಯ್ತು.”

“ಕೇಬಲ್ ಬಿಡಿ ಮೇಡಂ. ಡಿಎಚ್‌ಸಿಪಿ ತೆಗೀರಿ, ಸ್ಕೋಪ್ ಆಪ್ಷನ್ಸ್‌ಗೆ ಹೋಗಿ. 67ರಲ್ಲಿ ಏನಿದೆ?”

“ಬೂಟ್, ಎಕ್ಸ್64, ಡಬ್ಲ್ಯುಡಿಎಸ್‌ಎನ್‌ಬಿಪಿ ಡಾಟ್ ಕಾಮ್ ಅಂತಿದೆ.”

“ಅದು ಬಯಾಸ್ ಫೈಲು. ಹೊಸ ಮಷೀನೆಲ್ಲ ಯುಇಎಫ್‌ಐ. ಅವಕ್ಕೆ ಡಬ್ಲ್ಯುಡಿಎಸ್‌ಎಂಜಿಎಫ್‌ಡಬ್ಲ್ಯು ಡಾಟ್ ಇಎಫ್‌ಐ ಬೇಕು.”

“ಹಂಗಾದ್ರೆ ಅದನ್ನೇ ಹಾಕಿಬಿಡ್ಲಾ?”

“ಹಾಕಿದ್ರೆ ಹೊಸವು ಏಳ್ತವೆ, ಹಳೇವು ಮಲಗ್ತವೆ.”

ಈ ಸಂಭಾಷಣೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಫೈಲ್ ಹೆಸರುಗಳಲ್ಲಿ ನಡೆಯುತ್ತಲೇ ಇದೆ. ಯುಇಎಫ್‌ಐ ಮಷೀನಿಗೆ ಬಯಾಸ್ ಫೈಲು ಕೊಟ್ಟರೆ ಅದು ಒಳ್ಳೆಯ ಹುಡುಗನಂತೆ ಇಳಿಸಿಕೊಳ್ಳುತ್ತದೆ, ಆಮೇಲೆ ಓಡಿಸಲು ಬಾರದೆ ಮುಂದಿನ ಬೂಟ್ ಸಾಧನಕ್ಕೆ ಜಾರುತ್ತದೆ. ವಿಂಡೋಸ್ 11 ಯುಇಎಫ್‌ಐ ಬೇಕೇ ಬೇಕು ಎಂದು ಪಟ್ಟು ಹಿಡಿದ ಮೇಲೆ, ಎಂದೋ ಯಾರೋ ತುಂಬಿಟ್ಟು ಕೆಲಸ ಬಿಟ್ಟುಹೋದ 67 ಎಷ್ಟೋ ಕಡೆ ಹೀಗೆ ಬಯಲಿಗೆ ಬಿತ್ತು.

ತುರ್ತಿಗೆ ಒಂದು ಉಪಾಯ ಇದೆ. ವಿಂಡೋಸ್ ಸರ್ವರ್ 2012ರಿಂದ ಡಿಎಚ್‌ಸಿಪಿಯಲ್ಲಿ ಪಾಲಿಸಿ ಬರೆಯಬಹುದು: ಆಪ್ಷನ್ 60 ‘ಆರ್ಕ್:00000’ ಎಂದರೆ ಈ ಫೈಲು, ‘ಆರ್ಕ್:00007’ ಎಂದರೆ ಆ ಫೈಲು. ಲಿನಕ್ಸ್ ಕಡೆ ಡಿಎನ್‌ಎಸ್‌ಮಾಸ್ಕ್‌ನಲ್ಲೂ ಇದೇ ಬಗೆಯ ನಿಯಮ ಸಾಧ್ಯ. ಆದರೆ ಇಲ್ಲೂ ಒಂದು ತೊಡಕು. ಈ ಅಂಕಿಗಳನ್ನು ಪಟ್ಟಿ ಮಾಡಿದ 2006ರ ಆರ್‌ಎಫ್‌ಸಿ 4578 ಪ್ರಕಾರ 64 ಬಿಟ್ ಯುಇಎಫ್‌ಐ ಅಂಕಿ 9. ಮಾರುಕಟ್ಟೆಗೆ ಬಂದ ಮಷೀನುಗಳು ಕಳಿಸುವುದು 7. ಕೊನೆಗೆ ಪಟ್ಟಿಯನ್ನೇ ಮಷೀನುಗಳಿಗೆ ತಕ್ಕಂತೆ ತಿದ್ದಬೇಕಾಯಿತು. ಹಳೆಯ ಪಟ್ಟಿ ನಂಬಿ 9ಕ್ಕೆ ಮಾತ್ರ ಪಾಲಿಸಿ ಬರೆದವರು ತಲೆ ಚಚ್ಚಿಕೊಂಡಿರುತ್ತಾರೆ. ಪಾಲಿಸಿ ಬರೆಯುವುದು ಬರಿಯ 67ಕ್ಕಿಂತ ವಾಸಿ, ನಿಜ. ಆದರೂ ಪ್ರತಿ ಹೊಸ ಬಗೆಯ ಮಷೀನು ಬಂದಾಗಲೂ ಡಿಎಚ್‌ಸಿಪಿಗೆ ಹೊಸ ಪಾಠ ಹೇಳಿಕೊಡಬೇಕು.

ಪ್ರಶ್ನೆಯನ್ನೇ ಗೊತ್ತಿರುವವರ ಹತ್ತಿರ ಕಳಿಸುವುದು ಇದಕ್ಕಿಂತ ಸರಳ. ಬ್ರಾಡ್‌ಕಾಸ್ಟ್ ಕೂಗು ವಿಲ್ಯಾನ್ ದಾಟುವುದಿಲ್ಲ. ಅದನ್ನು ದಾಟಿಸಲು ಗೇಟ್‌ವೇಯಲ್ಲಿ ಐಪಿ ಹೆಲ್ಪರ್ ಎಂಬ ಸಾಲು ಇರುತ್ತದೆ, ಅದರಲ್ಲಿ ಡಿಎಚ್‌ಸಿಪಿ ಸರ್ವರಿನ ವಿಳಾಸ ಇರುತ್ತದೆ. ಅದರ ಕೆಳಗೆ ಪಿಎಕ್ಸ್‌ಇ ಸರ್ವರಿನ ವಿಳಾಸದ ಇನ್ನೊಂದು ಸಾಲು ಸೇರಿಸಿದರೆ ಮುಗಿಯಿತು. ಒಂದೇ ಡಿಸ್ಕವರ್ ಇಬ್ಬರಿಗೂ ತಲುಪುತ್ತದೆ. ಪಿಎಕ್ಸ್‌ಇ ಸರ್ವರ್ ಆಪ್ಷನ್ 93 ಓದಿ ತಕ್ಕ ಫೈಲನ್ನು ತಾನೇ ಆರಿಸಿಕೊಡುತ್ತದೆ. ಮೈಕ್ರೋಸಾಫ್ಟ್ ಕೂಡ ಹೇಳುತ್ತ ಬಂದಿರುವುದು ಇದನ್ನೇ: ಐಪಿ ಹೆಲ್ಪರ್ ಬಳಸಿ, 66 ಮತ್ತು 67 ಬೇಡ.

ಹಾಗಿದ್ದರೂ ಜನ ಯಾಕೆ 67ಕ್ಕೇ ಕೈ ಹಾಕುತ್ತಾರೆ? ಇದಕ್ಕೆ ಕಾರಣ ತಂತ್ರಜ್ಞಾನದಲ್ಲಿ ಇಲ್ಲ, ಆಫೀಸಿನಲ್ಲಿದೆ. ಗೇಟ್‌ವೇ ಇರುವುದು ನೆಟ್‌ವರ್ಕ್ ಟೀಮಿನ ಕೈಯಲ್ಲಿ. ಅವರಿಗೆ ಟಿಕೆಟ್ ಹಾಕಬೇಕು, ಚೇಂಜ್ ಅಪ್ರೂವಲ್ ಆಗಬೇಕು, ಯಾವ ಸರ್ವರ್, ಯಾಕೆ, ಯಾರು ಹೇಳಿದ್ದು ಎಂಬ ಪ್ರಶ್ನೆಗೆಲ್ಲ ಉತ್ತರ ಕೊಡಬೇಕು. ಡಿಎಚ್‌ಸಿಪಿ ಸರ್ವರಿನ ಪಾಸ್‌ವರ್ಡ್ ಸಿಸ್ಟಮ್ಸ್ ಟೀಮಿನವರ ಹತ್ತಿರವೇ ಇದೆ. ಎರಡು ನಿಮಿಷದ ಕೆಲಸ. ಲ್ಯಾಪ್‌ಟಾಪುಗಳು ಸೋಮವಾರಕ್ಕೆ ಬೇಕು.

ಕೋಡುಗಳು ಹೇಳುವುದೇನು

ಪಿಎಕ್ಸ್‌ಇ ದೋಷದ ಕೋಡುಗಳನ್ನು ಬೈದುಕೊಳ್ಳುವುದೇ ವಾಡಿಕೆ, ಆದರೆ ನನ್ನ ಮಟ್ಟಿಗೆ ಅವು ತಕ್ಕಮಟ್ಟಿಗೆ ಪ್ರಾಮಾಣಿಕ. ಇ61 ಎಂದರೆ ಕೇಬಲ್ಲೇ ಇಲ್ಲ ಅಥವಾ ಲಿಂಕ್ ಏರಿಲ್ಲ. ಇದೊಂದಕ್ಕೆ ಮಾತ್ರ ಕ್ರಿಂಪಿಂಗ್ ಟೂಲ್ ತರಬೇಕು. ಇ51 ಎಂದರೆ ಯಾರೂ ಓಗೊಡಲಿಲ್ಲ. ಇ52 ಎಂದರೆ ಪಿಎಕ್ಸ್‌ಇ ಸರ್ವರ್ ಓಗೊಟ್ಟಿತು, ಡಿಎಚ್‌ಸಿಪಿ ಓಗೊಡಲಿಲ್ಲ. ಇ53 ಅದರ ತಿರುಗು: ಐಪಿ ಸಿಕ್ಕಿತು, ಫೈಲಿನ ಹೆಸರು ಯಾರೂ ಹೇಳಲಿಲ್ಲ. ಹೊಸ ಯುಇಎಫ್‌ಐ ಮಷೀನುಗಳಲ್ಲಿ ಇದೇ ಕಥೆ ಇ16 ಎಂಬ ಹೆಸರಿನಲ್ಲಿ, ಹೆಚ್ಚು ವಿವರವಿಲ್ಲದೆ ಬರುತ್ತದೆ; ಈ ವಿಷಯದಲ್ಲಿ ಹಳೆಯ ಬಯಾಸೇ ಮೇಲು.

ಇ55ಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಪ್ರಾಕ್ಸಿ ಡಿಎಚ್‌ಸಿಪಿ ಪೋರ್ಟ್ 4011ರಲ್ಲಿ ಉತ್ತರಿಸಲಿಲ್ಲ ಎಂಬುದು ಅದರ ದೂರು. ಸಾಮಾನ್ಯ ಹಿನ್ನೆಲೆ ಹೀಗಿರುತ್ತದೆ. ಮೊದಲು ಡಿಎಚ್‌ಸಿಪಿ, ಮೈಕ್ರೋಸಾಫ್ಟ್‌ನ ಪಿಎಕ್ಸ್‌ಇ ಸೇವೆಯಾದ ಡಬ್ಲ್ಯುಡಿಎಸ್ ಎರಡೂ ಒಂದೇ ಸರ್ವರಿನಲ್ಲಿದ್ದವು. ಇಬ್ಬರೂ ಪೋರ್ಟ್ 67ಕ್ಕೆ ಕಿತ್ತಾಡಬಾರದೆಂದು ಡಬ್ಲ್ಯುಡಿಎಸ್‌ಗೆ 67 ಕೇಳಬೇಡ ಎಂದು ಹೇಳಿ, ಡಿಎಚ್‌ಸಿಪಿಯಲ್ಲಿ ಆಪ್ಷನ್ 60ಕ್ಕೆ ‘ಪಿಎಕ್ಸ್‌ಇಕ್ಲೈಂಟ್’ ಎಂದು ತುಂಬಿದ್ದರು. ಅದು ಸರಿಯಾದ ಕ್ರಮವೇ. ಆಮೇಲೆ ಡಬ್ಲ್ಯುಡಿಎಸ್ ಬೇರೆ ಸರ್ವರಿಗೆ ಹೋಯಿತು. ಆಪ್ಷನ್ 60 ಮಾತ್ರ ಅಲ್ಲೇ ಉಳಿಯಿತು. ಈಗ ಡಿಎಚ್‌ಸಿಪಿ ಬಂದವರಿಗೆಲ್ಲ ಪಿಎಕ್ಸ್‌ಇ ಸರ್ವರೂ ನಾನೇ ಎನ್ನುತ್ತಿದೆ. ಮಷೀನು ನಂಬಿ ಅದರ 4011ನೇ ಬಾಗಿಲು ತಟ್ಟುತ್ತದೆ. ಒಳಗೆ ಯಾರೂ ಇಲ್ಲ. ಮದ್ದು ಆ ಒಂದು ಟಿಕ್ ಮಾರ್ಕ್ ತೆಗೆಯುವುದು. ಎರಡೂ ಒಂದೇ ಸರ್ವರಿನಲ್ಲಿದ್ದರೆ 60 ಬೇಕು, ಬೇರೆ ಬೇರೆ ಇದ್ದರೆ ಇರಕೂಡದು.

ಇ32 ಬಂದರೆ ಸಂತೋಷಪಡಿ; ಡಿಎಚ್‌ಸಿಪಿ ಹಂತ ದಾಟಿದ್ದೀರಿ. ಅದು ಟಿಎಫ್‌ಟಿಪಿ ತೆರೆಯಲಿಲ್ಲ ಎನ್ನುತ್ತದೆ. ಇಲ್ಲಿ ಫೈರ್‌ವಾಲಿನವರು ಮಾಡುವ ಒಂದು ತಪ್ಪನ್ನು ಎಷ್ಟು ಸಾರಿ ಹೇಳಿದರೂ ಸಾಲದು. ಪೋರ್ಟ್ 69 ತೆರೆದು ಆಯಿತು ಎನ್ನುತ್ತಾರೆ. ಆದರೆ ಟಿಎಫ್‌ಟಿಪಿಯಲ್ಲಿ 69 ಬರಿ ಬಾಗಿಲು ತಟ್ಟುವುದಕ್ಕೆ. ಸರ್ವರ್ ಉತ್ತರ ಕೊಡುವುದು ಆ ಗಳಿಗೆಗೆ ತಾನು ಆರಿಸಿಕೊಂಡ ಇನ್ನೊಂದು ಪೋರ್ಟಿನಿಂದ. ಫೈರ್‌ವಾಲ್‌ಗೆ ಅದು ಗೊತ್ತಿಲ್ಲದಿದ್ದರೆ ಉತ್ತರ ಅಲ್ಲೇ ಸಾಯುತ್ತದೆ. ಒಂದು ವಿಲ್ಯಾನ್‌ನಲ್ಲಿ ಬೂಟ್ ಆಗಿ ಇನ್ನೊಂದು ವಿಲ್ಯಾನ್‌ನಲ್ಲಿ ಇ32 ಬಂದರೆ ಇದೇ ಎಂದು ಮುಕ್ಕಾಲು ಪಾಲು ನಂಬಬಹುದು.

ಇನ್ನು ಕೋಡಿನಲ್ಲಿ ಕಾಣದ ದೋಷಗಳು. ಇವುಗಳಲ್ಲಿ ನಮ್ಮ ಕಡೆಯ ರಾಜ ಎಂದರೆ ಮನೆ ಬಳಕೆಯ ವೈ-ಫೈ ರೌಟರು. ಕ್ಯಾಬಿನಿನಲ್ಲಿ ಸಿಗ್ನಲ್ ಬರುವುದಿಲ್ಲ ಎಂದು ಯಾರೋ ಒಂದನ್ನು ತಂದು ಗೋಡೆಯ ಲ್ಯಾನ್ ಪೋರ್ಟಿಗೆ ಸಿಕ್ಕಿಸುತ್ತಾರೆ, ಅದೂ ವ್ಯಾನ್ ಪೋರ್ಟಿನ ಬದಲು ಲ್ಯಾನ್ ಪೋರ್ಟಿನಿಂದ. ಆ ಗಳಿಗೆಯಿಂದ ಕಟ್ಟಡದಲ್ಲಿ ಇಬ್ಬರು ಡಿಎಚ್‌ಸಿಪಿ ಸರ್ವರ್. ಯಾರು ಮೊದಲು ಉತ್ತರಿಸಿದರೋ ಅವರದೇ ಮಾತು. ಮೂರು ಮಷೀನು ಬೂಟ್ ಆಗುತ್ತವೆ, ನಾಲ್ಕನೆಯದು ಆಗುವುದಿಲ್ಲ, ಇನ್ನೊಮ್ಮೆ ಆನ್ ಮಾಡಿದರೆ ಆಗುತ್ತದೆ. ಮಷೀನಿನ ಐಪಿ 192.168.0 ಅಥವಾ 192.168.1ರಿಂದ ಶುರುವಾಗಿ, ನಿಮ್ಮ ಸ್ಕೋಪ್ ಬೇರೆ ಇದ್ದರೆ, ಸರ್ವರ್ ಬಿಟ್ಟು ಕ್ಯಾಬಿನ್‌ಗಳನ್ನು ಸುತ್ತಿ ಬನ್ನಿ. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದರೆ ನಂಬಿದ ಪೋರ್ಟಿನಿಂದ ಮಾತ್ರ ಆಫರ್ ಒಳಬರುತ್ತದೆ, ಈ ಸುತ್ತಾಟವೇ ತಪ್ಪುತ್ತದೆ.

ಎರಡನೆಯದು ಸ್ಪ್ಯಾನಿಂಗ್ ಟ್ರೀ. ಲೂಪ್ ಆಗದಂತೆ ಕಾಯುವ ಸ್ವಿಚ್ಚು, ಪೋರ್ಟಿನಲ್ಲಿ ಲಿಂಕ್ ಏರಿದೊಡನೆ ಬಿಡುವುದಿಲ್ಲ. ಹಳೆಯ ಪದ್ಧತಿಯಲ್ಲಿ 15 ಸೆಕೆಂಡು ಕೇಳಿಸಿಕೊಂಡು, ಇನ್ನು 15 ಸೆಕೆಂಡು ಕಲಿತು, ಆಮೇಲೆ ಪ್ಯಾಕೆಟ್ ಬಿಡುತ್ತದೆ. ಪಿಎಕ್ಸ್‌ಇ ದಾಖಲೆಯ ಪ್ರಕಾರ ಮಷೀನು 4, 8, 16, 32 ಸೆಕೆಂಡಿನ ಕಾಯುವಿಕೆಯಲ್ಲಿ ನಾಲ್ಕು ಸಾರಿ ಕೂಗಬೇಕು, ಒಟ್ಟು ಒಂದು ನಿಮಿಷ. ಲೆಕ್ಕದಲ್ಲಿ 30 ಸೆಕೆಂಡು ದಾಟಬೇಕು. ಆದರೆ ಎಲ್ಲ ಫರ್ಮ್‌ವೇರಿಗೂ ಅಷ್ಟು ತಾಳ್ಮೆ ಇಲ್ಲ. ಮೇಲಾಗಿ ಫರ್ಮ್‌ವೇರಿನಿಂದ ವಿನ್‌ಪಿಇ ಎಂಬ ಪುಟ್ಟ ವಿಂಡೋಸಿಗೆ ಹೋಗುವಾಗ ಕಾರ್ಡು ಲಿಂಕ್ ಕೆಡವಿ ಮತ್ತೆ ಏರಿಸಿದರೆ ಸ್ವಿಚ್ಚು ಮೊದಲಿನಿಂದ ಎಣಿಸುತ್ತದೆ. ಪರೀಕ್ಷೆ ಸುಲಭ: ಮಷೀನಿಗೂ ಗೋಡೆಯ ಪೋರ್ಟಿಗೂ ನಡುವೆ ಐದು ಪೋರ್ಟಿನ ಒಂದು ಅಗ್ಗದ ಡಬ್ಬಿ ಸ್ವಿಚ್ ಇಡಿ. ಗೋಡೆ ಕಡೆಯ ಲಿಂಕ್ ಬೀಳದೆ ನಿಲ್ಲುತ್ತದೆ. ಆಗ ಬೂಟ್ ಆದರೆ ಅಪರಾಧಿ ಸಿಕ್ಕಿದ. ಆ ಪೋರ್ಟಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ, ಡಬ್ಬಿಯನ್ನು ವಾಪಸ್ ಒಯ್ಯಿರಿ. ಬಿಟ್ಟುಬಂದರೆ ಅದರ ಕಥೆಯೇ ಬೇರೆಯಾಗುತ್ತದೆ. ಕರೆಂಟ್ ಹೋಗಿ ಬಂದಾಗ ಲ್ಯಾಬಿನ ಮಷೀನುಗಳೆಲ್ಲ ಒಟ್ಟಿಗೆ ಎದ್ದು, ಇನ್ನೂ ಅರೆನಿದ್ದೆಯಲ್ಲಿರುವ ಸ್ವಿಚ್ಚಿಗೆ ಕೂಗಿ, ಸೋತು, ಡಿಸ್ಕಿಗೆ ಹೋಗುವುದೂ ಇದೇ ಜಾತಿಯದು. ಯುಪಿಎಸ್‌ಗೆ ಸ್ವಿಚ್ಚನ್ನೂ ಸೇರಿಸಿದರೆ ಅಷ್ಟು ಮಟ್ಟಿಗೆ ತಪ್ಪುತ್ತದೆ.

ಇಳಿಯುವುದಕ್ಕೆ ಯಾಕಿಷ್ಟು ಹೊತ್ತು

ಬೂಟ್ ಆಗುತ್ತದೆ, ಆದರೆ ಬೂಟ್ ಇಮೇಜ್ ಇಳಿಯುವಷ್ಟರಲ್ಲಿ ಟೀ ಕುಡಿದು ಬರಬಹುದು ಎಂಬ ದೂರಿಗೆ ಸರ್ವರಿನ ಡಿಸ್ಕನ್ನು ಬೈಯುವುದು ಅನ್ಯಾಯ. ಟಿಎಫ್‌ಟಿಪಿ ಒಂದು ಬ್ಲಾಕ್ ಕಳಿಸಿ, ಸಿಕ್ಕಿತು ಎಂಬ ಉತ್ತರ ಬರುವ ತನಕ ಸುಮ್ಮನಿರುತ್ತದೆ. ಮೂಲ ಬ್ಲಾಕ್ 512 ಬೈಟು. ಇಮೇಜ್ 400 ಎಂಬಿ ಇದೆ, ಹೋಗಿ ಬರಲು ಒಂದು ಮಿಲಿಸೆಕೆಂಡು ಬೇಕು ಅಂದುಕೊಳ್ಳಿ. ಸುಮಾರು 7 ಲಕ್ಷ 81 ಸಾವಿರ ಬ್ಲಾಕುಗಳಾಗುತ್ತವೆ. 781 ಸೆಕೆಂಡು, ಅಂದರೆ 13 ನಿಮಿಷ. ಲೈನು ಗಿಗಾಬಿಟ್ ಇದ್ದರೂ ಅಷ್ಟೇ, ಅದರ ಹತ್ತುಪಟ್ಟು ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಬ್ಲಾಕನ್ನು 1456 ಬೈಟಿಗೆ ಏರಿಸಿದರೆ ನಾಲ್ಕೂವರೆ ನಿಮಿಷಕ್ಕೆ ಇಳಿಯುತ್ತದೆ. ಇದನ್ನು ಕಂಡವರು 8192, 16384 ಎಂದು ಏರಿಸುತ್ತ ಹೋಗುತ್ತಾರೆ. ಆಗ ಪ್ಯಾಕೆಟ್ 1500 ಬೈಟಿನ ಮಿತಿ ಮೀರಿ ತುಂಡಾಗುತ್ತದೆ, ತುಂಡುಗಳನ್ನು ಕೆಲವು ಫೈರ್‌ವಾಲುಗಳು ಬಿಸಾಡುತ್ತವೆ, ಶಾಖಾ ಕಚೇರಿಯಲ್ಲಿ ಮಾತ್ರ ಬೂಟ್ ನಿಂತುಹೋಗುತ್ತದೆ. ಬ್ಲಾಕ್ ದೊಡ್ಡದು ಮಾಡುವ ಬದಲು, ಒಂದು ಉತ್ತರಕ್ಕೆ ಹಲವು ಬ್ಲಾಕ್ ಕಳಿಸುವ ವಿಂಡೋ ಪದ್ಧತಿ ಒಳ್ಳೆಯದು; 2015ರ ಆರ್‌ಎಫ್‌ಸಿ 7440 ಅದನ್ನೇ ಹೇಳುತ್ತದೆ.

ವಿನ್‌ಪಿಇ ಬಂದ ಮೇಲಿನ ತೊಂದರೆಗಳು ಬೇರೆ ಊರಿನವು. ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಫರ್ಮ್‌ವೇರಿಗೆ ಕಾರ್ಡು ಗೊತ್ತು, ವಿನ್‌ಪಿಇಗೆ ಗೊತ್ತಿಲ್ಲ: ಎಫ್8 ಒತ್ತಿ ಐಪಿಕಾನ್ಫಿಗ್ ಕೊಟ್ಟಾಗ ವಿಳಾಸವೇ ಇಲ್ಲದಿದ್ದರೆ ಬೂಟ್ ಇಮೇಜಿಗೆ ಡ್ರೈವರ್ ಸೇರಿಸಬೇಕು. ತೆಳು ಲ್ಯಾಪ್‌ಟಾಪುಗಳಿಗೆ ಲ್ಯಾನ್ ಪೋರ್ಟಿಲ್ಲ, ಒಂದೇ ಯುಎಸ್‌ಬಿ ಡಾಂಗಲನ್ನು ಇಪ್ಪತ್ತಕ್ಕೆ ಸಿಕ್ಕಿಸುತ್ತಾರೆ. ಡಾಂಗಲಿನ ಮ್ಯಾಕ್ ಒಂದೇ ಆದ್ದರಿಂದ ಎರಡನೆಯ ಲ್ಯಾಪ್‌ಟಾಪನ್ನು ಸರ್ವರ್ ‘ನಿನಗೆ ಆಗಲೇ ಹಾಕಿದ್ದೇನಲ್ಲ’ ಎಂದು ವಾಪಸ್ ಕಳಿಸುತ್ತದೆ. ಆ ಮ್ಯಾಕನ್ನು ಗುರುತಿನ ಲೆಕ್ಕದಿಂದ ಕೈಬಿಡುವಂತೆ ಸರ್ವರಿಗೆ ಹೇಳಿಡಬೇಕು. ಇನ್ನು ವಿಂಡೋಸ್ 11ರ ಡಿವಿಡಿಯಲ್ಲಿರುವ ಬೂಟ್ ಇಮೇಜನ್ನೇ ನೇರ ಡಬ್ಲ್ಯುಡಿಎಸ್‌ಗೆ ಹಾಕಿ ಸೆಟಪ್ ನಡೆಸುವ ಹಳೆಯ ದಾರಿಯನ್ನು ಮೈಕ್ರೋಸಾಫ್ಟೇ ಮುಚ್ಚಿದೆ; ಬೇರೆ ಬೂಟ್ ಇಮೇಜ್ ಕಟ್ಟಿಕೊಳ್ಳಬೇಕು.

ಲೀಸ್, ಅಂದರೆ ಕೊಟ್ಟ ಐಪಿ ಎಷ್ಟು ದಿನಕ್ಕೆ ಎಂಬ ವಿಷಯ ಮಾತ್ರ ಸ್ವಲ್ಪ ನಿಂತು ನೋಡುವಂಥದ್ದು, ಯಾಕೆಂದರೆ ಇದು ಇಡೀ ಆಫೀಸನ್ನು ಕೆಡಿಸುತ್ತದೆ. ಬೂಟ್ ಆಗುವಾಗ ಮಷೀನು ಯುಯುಐಡಿ ಹೆಸರಿನಲ್ಲಿ ಐಪಿ ಪಡೆಯುತ್ತದೆ. ವಿಂಡೋಸ್ ಎದ್ದ ಮೇಲೆ ಮ್ಯಾಕ್ ಹೆಸರಿನಲ್ಲಿ ಇನ್ನೊಂದು. ಡಿಎಚ್‌ಸಿಪಿಯ ಕಣ್ಣಿಗೆ ಇವರಿಬ್ಬರು ಬೇರೆ ಬೇರೆ ಮನುಷ್ಯರು. ನೂರು ಲ್ಯಾಪ್‌ಟಾಪಿಗೆ ಇನ್ನೂರು ವಿಳಾಸ. ಒಂದು ಮಾಮೂಲು ಸ್ಕೋಪಿನಲ್ಲಿ ಇರುವುದೇ 254, ವಿಂಡೋಸ್ ಡಿಎಚ್‌ಸಿಪಿಯ ಮಾಮೂಲು ಲೀಸ್ 8 ದಿನ. ಗುರುವಾರ ಇಮೇಜ್ ಹಾಕಿ ಮುಗಿಸಿದ ಫ್ಲೋರಿನಲ್ಲಿ ಶುಕ್ರವಾರ ಬಂದವರಿಗೆ ನೆಟ್ ಇಲ್ಲ. ಇಮೇಜ್ ಹಾಕುವುದಕ್ಕೇ ಒಂದು ಪ್ರತ್ಯೇಕ ವಿಲ್ಯಾನ್, ಅದರಲ್ಲಿ ಒಂದೆರಡು ಗಂಟೆಯ ಲೀಸ್ ಇಟ್ಟರೆ ಈ ತಾಪತ್ರಯವೇ ಇರುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಇದನ್ನು ಸರಿಯಿಟ್ಟುಕೊಳ್ಳಬೇಕೆ ಎಂದು ಕೇಳುವವರಿಗೆ 2024ರ ಜುಲೈ 19ನ್ನು ನೆನಪಿಸಬಹುದು. ಅಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ನೀಲಿ ಪರದೆಗೆ ಬಿದ್ದವು ಎಂಬುದು ಮೈಕ್ರೋಸಾಫ್ಟ್‌ನ ಅಂದಾಜು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳು ಓಡಾಡಿದವು. ರಿಪೇರಿ ಎಂದರೆ ಒಂದೇ ಒಂದು ಫೈಲ್ ಅಳಿಸುವುದು; ಆದರೆ ಏಳದ ಮಷೀನಿನಲ್ಲಿ ಅಳಿಸುವುದು ಹೇಗೆ? ಮೈಕ್ರೋಸಾಫ್ಟ್ ಮೊದಲು ಯುಎಸ್‌ಬಿಯಿಂದ ಬೂಟ್ ಮಾಡಿ ಸರಿಪಡಿಸುವ ಸಾಧನ ಕೊಟ್ಟಿತು, ಬೆನ್ನಿಗೇ ಪಿಎಕ್ಸ್‌ಇ ದಾರಿಯನ್ನೂ ಸೇರಿಸಿತು. ನೆಟ್‌ವರ್ಕ್ ಬೂಟ್ ಸುಸ್ಥಿತಿಯಲ್ಲಿದ್ದವರಿಗೆ ಪೆನ್‌ಡ್ರೈವ್ ಹಿಡಿದು ಅಲೆಯುವುದು ಅಷ್ಟರಮಟ್ಟಿಗೆ ತಪ್ಪಿತು. ಬಿಟ್‌ಲಾಕರ್ ಕೀ ಹುಡುಕುವ ಪಾಡು ಮಾತ್ರ ಇಬ್ಬರಿಗೂ ಒಂದೇ.

ಇದರ ಇನ್ನೊಂದು ಮುಖವೂ ಇದೆ. ಮೊದಲು ಉತ್ತರಿಸಿದವರನ್ನು ನಂಬುವ ಈ ಪದ್ಧತಿಯಲ್ಲಿ ಉತ್ತರಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡೇ ಇಲ್ಲ. 2024ರ ಜನವರಿಯಲ್ಲಿ ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆ ‘ಪಿಕ್ಸಿಫೇಲ್’ ಎಂಬ ಹೆಸರಿನಲ್ಲಿ ಒಂಬತ್ತು ದೋಷಗಳನ್ನು ಹೊರಗಿಟ್ಟಿತು. ಅವು ಇದ್ದದ್ದು ಬಹಳಷ್ಟು ಮಷೀನುಗಳ ಯುಇಎಫ್‌ಐಗೆ ಆಧಾರವಾದ ಇಡಿಕೆ2 ಕೋಡಿನಲ್ಲಿ, ನೆಟ್‌ವರ್ಕ್ ಬೂಟಿಗೆ ಬಳಸುವ ಐಪಿವಿ6 ಭಾಗದಲ್ಲಿ. ಓಎಸ್ ಏಳುವುದಕ್ಕೂ ಮುಂಚೆ, ಯಾವ ಆಂಟಿವೈರಸ್ಸೂ ಎಚ್ಚರವಾಗಿರದ ಹೊತ್ತಿನ ದೋಷಗಳು. ಬೇಕಿಲ್ಲದ ಮಷೀನಿನಲ್ಲಿ ನೆಟ್‌ವರ್ಕ್ ಬೂಟನ್ನು ಆರಿಸಿಡುವುದು, ಬೇಕಾದಾಗ ಪ್ರತ್ಯೇಕ ವಿಲ್ಯಾನ್‌ಗೆ ತರುವುದು ಇದಕ್ಕೂ ಒಳ್ಳೆಯದು.

ಟಿಎಫ್‌ಟಿಪಿಯ ಗೋಳು ತಪ್ಪಿಸಲು 2015ರ ಯುಇಎಫ್‌ಐ 2.5ರಲ್ಲಿ ಎಚ್‌ಟಿಟಿಪಿ ಬೂಟ್ ಬಂದಿದೆ. ಮಷೀನು ಆಪ್ಷನ್ 60ರಲ್ಲಿ ‘ಎಚ್‌ಟಿಟಿಪಿಕ್ಲೈಂಟ್’ ಎನ್ನುತ್ತದೆ, ಆಪ್ಷನ್ 93ರಲ್ಲಿ 16 ಎನ್ನುತ್ತದೆ, ವೆಬ್ ಸರ್ವರಿನಿಂದ ಇಮೇಜನ್ನು ಸರಸರ ಇಳಿಸಿಕೊಳ್ಳುತ್ತದೆ. ಎಚ್‌ಟಿಟಿಪಿಎಸ್ ಆದರೆ ಸರ್ವರಿನ ಗುರುತೂ ಸಿಗುತ್ತದೆ. ತಮಾಷೆ ಏನೆಂದರೆ ಆ ವೆಬ್ ವಿಳಾಸ ಮಷೀನಿಗೆ ಸಿಗುವುದು ಮತ್ತದೇ ಆಪ್ಷನ್ 67ರಲ್ಲಿ. ಹಳೆಯ ಪಿಎಕ್ಸ್‌ಇ ಫೈಲಿನ ಹೆಸರನ್ನು ಅಲ್ಲಿ ಅಳಿಸದೆ ಬಿಟ್ಟವರಿಗೆ ಎಚ್‌ಟಿಟಿಪಿ ಬೂಟ್ ಕೂಡ ಮೊದಲ ದಿನವೇ ಕೈಕೊಡುತ್ತದೆ.

ಸದ್ಯಕ್ಕೆ ಲ್ಯಾಬಿನವರು ನೋಡಿಟ್ಟುಕೊಳ್ಳಬೇಕಾದ್ದು ಇನ್ನೊಂದಿದೆ. ನಂಬಿದ ಸಹಿ ಇರುವ ಫೈಲನ್ನಷ್ಟೇ ಓಡಿಸುವ ಸೆಕ್ಯೂರ್ ಬೂಟಿಗೆ ಮೈಕ್ರೋಸಾಫ್ಟ್ ಬಳಸುತ್ತ ಬಂದ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅವುಗಳ ಜಾಗಕ್ಕೆ 2023ರವು. ಅವಧಿ ಮುಗಿದ ಮಾತ್ರಕ್ಕೆ ಹಳೆಯ ಫೈಲು ಬೂಟ್ ಆಗುವುದು ನಿಲ್ಲುವುದಿಲ್ಲ. ಆದರೆ ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ಟಿಗೆ ಮದ್ದಾಗಿ ಹಳೆಯ ಸಹಿಯನ್ನೇ ರದ್ದು ಮಾಡಿಕೊಂಡ ಮಷೀನು, ಸರ್ವರ್ ಕೊಟ್ಟ ಹಳೆಯ ಬೂಟ್ ಮ್ಯಾನೇಜರನ್ನು ಇಳಿಸಿಕೊಂಡ ಮೇಲೂ ಓಡಿಸಲು ಒಪ್ಪುವುದಿಲ್ಲ. ವಿಳಾಸ ಸಿಕ್ಕಿರುತ್ತದೆ, ಹೆಲ್ಪರ್ ಸರಿ ಇರುತ್ತದೆ, ಫೈಲಿನ ಹೆಸರೂ ಸರಿ, ಟಿಎಫ್‌ಟಿಪಿ ಲಾಗಿನಲ್ಲಿ ಪೂರ್ತಿ ಇಳಿದ ಲೆಕ್ಕವೂ ಇರುತ್ತದೆ. ಅಂಥ ಕಡೆ ಡಿಎಚ್‌ಸಿಪಿ ಕೆದಕುತ್ತ ಕೂರುವ ಬದಲು, ಸರ್ವರಿನ ಬೂಟ್ ಫೋಲ್ಡರಿನಲ್ಲಿರುವ ಇಎಫ್‌ಐ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸಹಿ ಯಾವ ವರ್ಷದ ಸರ್ಟಿಫಿಕೇಟಿನದು ಎಂದು ನೋಡಿಕೊಳ್ಳಿ.